ದ್ವಾರಕನಾಥರ ಪರೀಕ್ಷಾ ಫಾರಂ

ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೇ ಸಂಬಳ ಪಡೆಯುವ ಪುಣ್ಯಾತ್ಮರು ನಮ್ಮ ದ್ವಾರಕನಾಥರು. ಸಿಂಗಪುರದ ಟುವಾಸ್‌ನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಅವರ ಕೆಲಸ. ಅಂಥವರ ಕಣ್ಣಿಗೆ ಬಿಶಾನ್‌ನ ಭಾನುವಾರದ ಕನ್ನಡ ಶಾಲೆ ಬಿದ್ದರೆ ಸುಮ್ಮನೆ ಬಿಟ್ಟಾರೆಯೇ?

ಶಾಲೆ ಎಂದರೆ ಎಷ್ಟು ಮಹಾ! ಕಾಂಡೋ ಅಪಾರ್ಟ್‌ಮೆಂಟಿನ ಫಂಕ್ಷನ್ ರೂಮು, ಒಂದು ಜಮಖಾನ, ಹನ್ನೊಂದು ಮಕ್ಕಳು, ಪ್ರಭಾ ಎಂಬ ಒಬ್ಬರೇ ಟೀಚರು. ಅಪ್ಪ ಅಮ್ಮಂದಿರು ಸರದಿಯ ಮೇಲೆ ಕಸ ಗುಡಿಸಬೇಕು, ಅವಲಕ್ಕಿ ಮಾಡಿ ತರಬೇಕು. ಪರೀಕ್ಷೆಯಿಲ್ಲ, ಮಾರ್ಕ್ಸಿಲ್ಲ. (ಸಿಂಗಪುರದಲ್ಲಿ ಪರೀಕ್ಷೆಯಿಲ್ಲದ ಶಾಲೆ ಅಂದರೆ ಉಪ್ಪಿಲ್ಲದ ಸಾರು.)

"ಒಂದೂವರೆ ವರ್ಷ ಆಯ್ತು ಜಯಾ! ನಮ್ಮ ಸಿಂಚನಾ ಏನು ಕಲ್ತಿದಾಳೆ? 'ಹೌ ವಾಸ್ ಕ್ಲಾಸ್' ಅಂತ ಕೇಳಿದ್ರೆ ಇಲ್ಲಿಯವರ ಥರಾನೇ 'ಓಕೆ ಲಾ' ಅಂತಾಳೆ!"

"ನೀವು ಕೇಳೋದೇ..." ಎಂದು ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಅವರು ಲ್ಯಾಪ್‌ಟಾಪ್ ತೆರೆದಾಗಿತ್ತು.

ಈ ಆರ್ಭಟದ ಅಡಿಯಲ್ಲಿ ಒಂದು ಭಯವಿತ್ತು. ತಮ್ಮ ಸಿಟ್ಟು, ಸಲಿಗೆ, ನಗು ಎಲ್ಲ ಇರುವುದು ಕನ್ನಡದಲ್ಲಿ. ಅದು ಬಾರದೆ ಹೋದರೆ ಎಂಟು ವರ್ಷದ ಈ ಮಗಳಿಗೆ ಅಪ್ಪ ಪೂರ್ತಿ ಸಿಗುವುದಾದರೂ ಹೇಗೆ? ಅದನ್ನು ಬಾಯಿಬಿಟ್ಟು ಹೇಳಲಾರದ ಮನುಷ್ಯ ಶನಿವಾರವಿಡೀ ಕೂತು ಒಂದು ಫಾರಂ ಮಾಡಿದರು. ಮಕ್ಕಳು ಕನ್ನಡ ಎಷ್ಟು ಬಳಸುತ್ತಾರೆ, ಎಲ್ಲಿ ಎಡವುತ್ತಾರೆ, ಏನು ಸುಧಾರಿಸಬೇಕು, ಕೊನೆಗೆ ಹತ್ತಕ್ಕೆ ಎಷ್ಟು ಅಂಕ. ಮರುದಿನ ಅದನ್ನು ಪ್ರಭಾ ಅವರ ಕೈಗಿತ್ತು, "ಮೇಡಂ, ಅಳತೆ ಇಲ್ದೆ ಸುಧಾರಣೆ ಇಲ್ಲ" ಎಂದು ಅಪ್ಪಣೆ ಕೊಡಿಸಿದರು.

"ತುಂಬಾ ಚೆನ್ನಾಗಿದೆ ಸರ್. ಮುಂದಿನ ವಾರಾನೇ ಮಾಡ್ಬಿಡೋಣ" ಎಂದರು ಪ್ರಭಾ. ಅಷ್ಟು ಸುಲಭವಾಗಿ ಒಪ್ಪಿದ್ದು ಕಂಡು ದ್ವಾರಕನಾಥರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮುಂದಿನ ಭಾನುವಾರ ಹೆತ್ತವರೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತರು. ದ್ವಾರಕನಾಥರು ಮುಂದಿನ ಸಾಲಿನಲ್ಲಿ.

"ಮಕ್ಕಳು ಇಲ್ಲಿರೋದು ವಾರಕ್ಕೆ ಎರಡೇ ಗಂಟೆ" ಎಂದರು ಪ್ರಭಾ. "ಉಳಿದ ಪಾಠ ಎಲ್ಲ ಮನೇಲಿ. ಅದಕ್ಕೆ ಮೊದಲು ಮನೆ ಮೇಷ್ಟ್ರುಗಳದ್ದೇ, ಅಂದ್ರೆ ನಿಮ್ಮದೇ, ಪರೀಕ್ಷೆ ಮಾಡಿದೀವಿ. ಫಾರಂ ತುಂಬಿದವರು ಮಕ್ಕಳು."

ಕುರ್ಚಿಗಳು ಕಿರುಗುಟ್ಟಿದವು. ಮೊದಲು ಎದ್ದವಳು ಸಿಂಚನಾ. ಕೈಯಲ್ಲಿ ಫಾರಂ, ಅದರ ತುಂಬ ಅವಳದೇ ದುಂಡು ಕನ್ನಡ ಅಕ್ಷರ. ಒಂದು ಕಡೆಯೂ ತಡವರಿಸದೆ ಓದಿದಳು.

"ನನ್ನ ಅಪ್ಪ ಅಜ್ಜಿ ಜೊತೆ ಫೋನಲ್ಲಿ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಕನ್ನಡದಲ್ಲಿ ಚೆನ್ನಾಗಿ ಬೈಯುತ್ತಾರೆ. ನನ್ನ ಜೊತೆ ಇಂಗ್ಲಿಷ್. ಅಜ್ಜಿ ಜೊತೆ ಮಾತಾಡುವಾಗ ಅಪ್ಪ ತುಂಬಾ ನಗುತ್ತಾರೆ. ಆ ಅಪ್ಪ ನನಗೂ ಬೇಕು."

ಕಾಗದ ಕೆಳಗಿಟ್ಟು ಟೀಚರ ಕಡೆ ತಿರುಗಿದಳು. "ಆಂಟಿ, ಅಪ್ಪ ಟುವಾಸಿಂದ ಬರೋಷ್ಟರಲ್ಲಿ ಸುಸ್ತಾಗಿರ್ತಾರೆ, ಪಾಪ. ಅದಕ್ಕೆ ಏಳು ಕೊಟ್ಟಿದೀನಿ. ಓಕೆ ತಾನೆ?"

ದ್ವಾರಕನಾಥರು ಕುರ್ಚಿಯ ತುದಿಗೆ ಸರಿದರು. ಇವಳಿಗೆ ಕನ್ನಡ ಬರುತ್ತದೆ! ಬರುವುದಷ್ಟೇ ಅಲ್ಲ, ಅದರಲ್ಲಿ ಅಪ್ಪನನ್ನು ಕಾಪಾಡುವುದೂ ಬರುತ್ತದೆ. ಕಣ್ಣೊರೆಸಿಕೊಂಡು ಎದ್ದರು, ಮಗಳನ್ನು ಬಾಚಿ ತಬ್ಬಿಕೊಂಡರು, ಹೃದಯದಾಳದಿಂದ ಬಂದ ಮಾತನ್ನು ಎಲ್ಲರೆದುರು ಹೇಳಿಯೇಬಿಟ್ಟರು:

"ಓ ಮೈ ಡಾರ್ಲಿಂಗ್! ಐ ಆಮ್ ಸೋ ಪ್ರೌಡ್ ಆಫ್ ಯೂ!"

ಇಡೀ ರೂಮು ಗೊಳ್ಳೆಂದಿತು. ಜಯಾ ಸೆರಗಿಲ್ಲದ ಕುರ್ತಾದಲ್ಲೇ ಮುಖ ಮುಚ್ಚಿಕೊಂಡರು.

ಸಿಂಚನಾ ಮಾತ್ರ ನಗಲಿಲ್ಲ. ಅಪ್ಪನ ತೋಳಿನಿಂದ ಮೆಲ್ಲಗೆ ಬಿಡಿಸಿಕೊಂಡು ರಬ್ಬರ್ ಎತ್ತಿಕೊಂಡಳು.

"ಸಾರಿ ಅಪ್ಪಾ," ಎಂದಳು ಏಳನ್ನು ಉಜ್ಜುತ್ತ, "ಈಗ ಮಾರ್ಕ್ಸ್ ಕಟ್ ಮಾಡ್ಲೇಬೇಕು."