ಗಂಡನ ಬಾಯನ್ನು ಡಬ್ಬಿಗೆ ಹಾಕಿಸಿದ ಮಾಂತ್ರಿಕರಿಗೆ

ಮನಃಶಾಸ್ತ್ರವನ್ನೂ ಮಂತ್ರಶಾಸ್ತ್ರವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಕೂತಿರುವ ಮಾನ್ಯರೇ,

ತಮಗೂ ತಮ್ಮೊಳಗೆ ವಾಸವಾಗಿರುವ ಸಕಲ ವ್ಯಕ್ತಿತ್ವಗಳಿಗೂ ಬೇರೆ ಬೇರೆಯಾಗಿ ನಮಸ್ಕಾರಗಳು; ಯಾರನ್ನಾದರೂ ಬಿಟ್ಟಿದ್ದರೆ ಅವರು ಮುನಿಸಿಕೊಳ್ಳಬಾರದು. ನಾನು ಬಸ್ ನಿಲ್ದಾಣದ ಎದುರಿನ ಕ್ಷೌರದಂಗಡಿಯವರ ಹೆಂಡತಿ. ತಮ್ಮ ಭಾನುವಾರದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಪಾಠಕ್ಕಿಂತ ಹೆಚ್ಚಾಗಿ ಮುಂದಿನವರ ಕತ್ತಿನ ಕೂದಲನ್ನೇ ನೋಡುತ್ತಿದ್ದ ಶಿಷ್ಯರೊಬ್ಬರು ತಮಗೆ ನೆನಪಿದ್ದರೆ, ಅವರೇ ನನ್ನ ಯಜಮಾನರು.

ಹಿಂದಿನ ಕಾಲದ ಮಾಂತ್ರಿಕರು ಸರಳ ಜನ. ದೆವ್ವ ಹೊರಗಿನಿಂದ ಬಂದಿದೆ ಎನ್ನುತ್ತಿದ್ದರು, ಬಿಡಿಸುತ್ತಿದ್ದರು, ಮನೆಯವರು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಿದ್ದರು. ತಾವಾದರೋ ದೆವ್ವಗಳೆಲ್ಲ ನಮ್ಮ ಸ್ವಭಾವದ ತುಂಡುಗಳೇ ಎಂದು ಕಂಡುಹಿಡಿದು, ಪ್ರಶ್ನಾವಳಿ ಹಂಚಿ, ಟಿಕ್ ಹಾಕಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು ನಾಲ್ಕು ಪಾಲು ಮಾಡಿ, ನನ್ನ ಗಂಡನೊಳಗಿದ್ದ ದಣಿ, ಕಾವಲುಗಾರ, ಅಳುಬುರುಕ ಮತ್ತು ಹರಟೆಮಲ್ಲನನ್ನು ಹೆಸರು ಹಿಡಿದು ಕರೆದು, ಒಬ್ಬೊಬ್ಬರ ಮುಂದೆ ಒಂದೊಂದು ಮೇಣದಬತ್ತಿ ಹಚ್ಚಿಸಿದಿರಿ. ಇಷ್ಟು ವರ್ಷ ಅತ್ತೆಯನ್ನು ಬಿಟ್ಟರೆ ಒಬ್ಬರಿಗೇ ಅಡುಗೆ ಮಾಡಿ ಹಾಕುತ್ತಿದ್ದೇನೆ ಎಂದುಕೊಂಡಿದ್ದ ನನ್ನ ಅಜ್ಞಾನವನ್ನು ಕಳೆದದ್ದಕ್ಕಾಗಿ ತಮಗೆ ನಾನು ಋಣಿ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಗಿರಾಕಿಯೊಬ್ಬರು "ಸ್ವಲ್ಪ ಬಾಯಿ ಮುಚ್ಕೊಂಡು ಕತ್ತರಿಸಪ್ಪ" ಎಂದದ್ದನ್ನು ಮನಸ್ಸಿಗೆ ಹಚ್ಚಿಕೊಂಡು ತಮ್ಮಲ್ಲಿಗೆ ಬಂದಿದ್ದ ಮನುಷ್ಯ ಅದು. ಸಮಾಧಾನದ ಎರಡು ಮಾತು ಹೇಳಿ ಕಳಿಸುವ ಬದಲು, ಹರಟೆಮಲ್ಲನೇ ಇವರ ಏಳಿಗೆಗೆ ಅಡ್ಡಿ ಎಂದು ತಾವು ತೀರ್ಮಾನಿಸಿ, ಮಂತ್ರ ಹೇಳಿಸಿ, ಅವನನ್ನು ಕಾಫಿಪುಡಿಯ ಖಾಲಿ ಗಾಜಿನ ಡಬ್ಬಿಯೊಳಕ್ಕೆ ಊದಿಸಿ, ಮುಚ್ಚಳ ಬಿಗಿಸಿ ಕೊಟ್ಟಿರಿ. ಡಬ್ಬಿ ಈಗ ನಮ್ಮ ಅಡುಗೆಮನೆಯ ಮೇಲಿನ ಗೂಡಿನಲ್ಲಿದೆ. ತಮ್ಮ ಮೇಲೆ ನನ್ನ ಗಂಡನಿಗೆ ಎಷ್ಟು ನಂಬಿಕೆಯೆಂದರೆ, ಅಂದಿನಿಂದ ಅವರು ಒಂದು ಮಾತೂ ಆಡಿಲ್ಲ.

ತಮ್ಮ ಯಶಸ್ಸನ್ನು ತಾವೇ ಅಂಗಡಿಗೆ ಬಂದು ನೋಡಬೇಕು. ತಲೆಯಲ್ಲಿ ಹೆಸರಿಗಷ್ಟೇ ಕೂದಲಿದ್ದರೂ ಹರಟೆಗೆಂದೇ ವಾರವಾರ ಬಂದು ಕುರ್ಚಿ ಹಿಡಿಯುತ್ತಿದ್ದ ನಿವೃತ್ತ ಮೇಷ್ಟ್ರು, "ಯಾರಾದ್ರೂ ತೀರ್ಕೊಂಡ್ರೇನಮ್ಮಾ?" ಎಂದು ನನ್ನನ್ನು ಕೇಳಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಿಲ್ಲ. ಬಾಯಿ ಮುಚ್ಚು ಎಂದಿದ್ದ ಆ ಗಿರಾಕಿಯೂ, ಗಂಟಲಿಗೆ ಕತ್ತಿ ಹಿಡಿದವನು ಮಾತಿಲ್ಲದೆ ನಿಂತರೆ ಜೀವ ಝಲ್ಲೆನ್ನುತ್ತದೆ ಎಂದು ಬೇರೆ ಅಂಗಡಿ ನೋಡಿಕೊಂಡರು. ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿದೆ ಎಂದರೆ, ಈಗ ದಣಿಯ ಸರದಿ, ಅವನು ಇಂಥ ಕೆಲಸ ಮಾಡುವುದಿಲ್ಲ ಎಂದು ಸನ್ನೆಯಲ್ಲೇ ತಿಳಿಸುತ್ತಾರೆ.

ತಮಾಷೆ ಸಾಕು, ಮಾನ್ಯರೇ. ನನಗೆ ಆ ಹರಟೆ ಬೇಕು. ಅಂಗಡಿ ಮುಚ್ಚಿ ಬಂದವರು ಚಪ್ಪಲಿ ಬಿಡುವ ಮೊದಲೇ "ಇವತ್ತು ಏನಾಯ್ತು ಗೊತ್ತಾ" ಎಂದು ಶುರು ಮಾಡುತ್ತಿದ್ದರು. ನಾನು ಬೇಸರದ ಮುಖ ಹೊತ್ತುಕೊಂಡು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದೆ. ಈಗ ಊಟದ ಹೊತ್ತಿನಲ್ಲಿ ತಟ್ಟೆಯ ಸದ್ದು ಮಾತ್ರ. ಗಂಡ ಎದುರಿಗೇ ಕೂತಿದ್ದರೂ ನನಗೆ ಒಂಟಿ ಅನ್ನಿಸುತ್ತದೆ.

ಆದ್ದರಿಂದ ಹರಟೆಮಲ್ಲನನ್ನು ಮೊದಲಿದ್ದ ಸ್ಥಿತಿಯಲ್ಲೇ, ಅರ್ಧಕ್ಕೆ ನಿಂತಿರುವ ಕಥೆಗಳ ಸಮೇತ ಮರಳಿಸಬೇಕಾಗಿ ಸವಿನಯ ಪ್ರಾರ್ಥನೆ. ಅದು ತಮ್ಮ ಶಾಸ್ತ್ರದಲ್ಲಿ ಸಾಧ್ಯವಿಲ್ಲವೆಂದಾದರೆ, ಅಳುಬುರುಕನನ್ನು ಈರುಳ್ಳಿ ಹೆಚ್ಚುವುದಕ್ಕೂ ಕಾವಲುಗಾರನನ್ನು ಹಾಲು ಉಕ್ಕದಂತೆ ಕಾಯುವುದಕ್ಕೂ ವಿಧ್ಯುಕ್ತವಾಗಿ ನೇಮಿಸಿ ಆದೇಶ ಹೊರಡಿಸಬೇಕು. ದಣಿಯನ್ನು ತಾವೇ ಇಟ್ಟುಕೊಳ್ಳಬಹುದು.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಅನಾಹುತವೊಂದು ನಡೆದುಹೋಯಿತು. ಮಾತನ್ನು ಅಳೆದು ತೂಗಿ ಆಡುವ ನಮ್ಮ ಅತ್ತೆ, ಅಂಗಿ ಗುಂಡಿಗಳನ್ನು ಹಾಕಿಡಲು ಬೇಕೆಂದು ಅದೇ ಡಬ್ಬಿಯನ್ನು ಇಳಿಸಿ, ಮುಚ್ಚಳ ತೆಗೆದು, ಒಳಗೆಲ್ಲ ಸೆರಗಿನಿಂದ ಒರೆಸಿಬಿಟ್ಟರು. ನನ್ನ ಗಂಡ ಹೌಹಾರಿ ಎದ್ದು ನಿಂತರು. ಅತ್ತೆ ಒಂದು ಸಲ ಗಟ್ಟಿಯಾಗಿ ಸೀನಿ, ಕಾಲು ಚಾಚಿ ಕೂತು, ಮಗನ ಅಂಗಡಿಯ ಕಥೆಯನ್ನೇ ಹೇಳತೊಡಗಿದರು: ಮದುವೆ ಗಂಡಿನ ಅರ್ಧ ಮೀಸೆ ತೆಗೆಯುವಷ್ಟರಲ್ಲಿ ಕರೆಂಟು ಹೋಗಿ, ಮಿಷನ್ನು ನಿಂತ ಕಥೆ. ಆದರೆ ಅವರ ಬಾಯಲ್ಲಿ ಮದುವೆ ಗಂಡು ಪೋಸ್ಟ್‌ಮ್ಯಾನ್ ಆದ, ಮೀಸೆ ಗಡ್ಡವಾಯಿತು, ನಗಬೇಕಾದ ಜಾಗ ಬರುವ ಮೊದಲೇ ಕರೆಂಟು ಬಂದುಬಿಟ್ಟಿತು. ನನ್ನ ಗಂಡನ ಮುಖ ಕೆಂಪಾಯಿತು, ತುಟಿ ಅದುರಿತು, ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟರು: "ಅಯ್ಯೋ ಅಮ್ಮಾ, ಪೋಸ್ಟ್‌ಮ್ಯಾನ್ ಎಲ್ಲಿಂದ ಬಂದ? ಕಥೆನೇ ಕೆಡಿಸ್ಬಿಟ್ಯಲ್ಲ! ತಾಳು, ನಾನ್ ಹೇಳ್ತೀನಿ."

ನಾನು ಈ ಸಾಲು ಬರೆಯುತ್ತಿರುವಾಗಲೂ ಹೇಳುತ್ತಲೇ ಇದ್ದಾರೆ. ನನಗೆ ಕಣ್ಣು ತುಂಬಿ ಬಂದು ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಅತ್ತೆ ಗುಂಡಿಗಳನ್ನು ಡಬ್ಬಿಗೆ ಸುರಿಯುತ್ತಾ ನನ್ನ ಕಿವಿಯಲ್ಲಿ, "ನಿಮ್ಮ ಮಾವ ಮೂಗನ ಥರ ಕೂತಾಗ್ಲೂ ಹೀಗೇ ಮಾಡ್ತಿದ್ದೆ ಕಣೇ. ಅವರ ಕಥೆನ ತಪ್ಪಾಗಿ ಹೇಳಿದ್ರೆ ಸಾಕು, ಈ ಮನೆ ಗಂಡಸರಿಗೆ ತಡ್ಕೊಳ್ಳೋಕಾಗಲ್ಲ" ಎಂದರು. ತಮ್ಮ ಪ್ರಶ್ನಾವಳಿಯಲ್ಲಿ ಇದಕ್ಕೆ ಟಿಕ್ ಹಾಕುವ ಜಾಗ ಇದ್ದಂತಿಲ್ಲ.

ಆದಕಾರಣ ನನ್ನ ವಿನಂತಿಗಳನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ, ಈರುಳ್ಳಿಯದೊಂದನ್ನು ಬಿಟ್ಟು.

ಮುಚ್ಚಳ ತೆರೆದಿರುವವರೆಗೂ
ತಮ್ಮ ವಿಶ್ವಾಸಿ,
ಕ್ಷೌರದಂಗಡಿಯವರ ಹೆಂಡತಿ

ತಾ.ಕ.: ತಮ್ಮ ಗಡ್ಡ ವಿಪರೀತ ಬೆಳೆದಿದೆ ಎಂದು ನನ್ನ ಗಂಡ ಈಗಷ್ಟೇ ಹೇಳಿದರು. ದಯವಿಟ್ಟು ಅಂಗಡಿಗೆ ಬನ್ನಿ. ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಮುಖದ ತುಂಬ ನೊರೆ ಬಳಿದು, ಕತ್ತಿಯನ್ನು ಗಂಟಲಿಗೆ ತಂದ ಮೇಲೆ, ತಾವು ಹರಟೆಮಲ್ಲನನ್ನು ಡಬ್ಬಿಗೆ ಹಾಕಿದ ಕಥೆಯನ್ನು ಅವರು ಮೊದಲಿಂದ ಕೊನೆವರೆಗೆ ಹೇಳುತ್ತಾರೆ. ಎಲ್ಲಾದರೂ ತಪ್ಪು ಕಂಡರೆ ತಿದ್ದಲು ಹೋಗಬೇಡಿ. ಬಾಯಿ ಮುಚ್ಚಿಕೊಂಡೇ ಇರುವುದು ಕ್ಷೇಮ.