ಕೋಳಿ ರೆಕ್ಕೆಗೆ ಗಂಜಿ ಹಾಕಿದ್ದು

ತಮಿಳು ನಾಡಿನ ಸೇಲಂ ಪಟ್ಟಣದಲ್ಲಿ ತಲೆಮಾರುಗಳಿಂದ ಮಗ್ಗದ ಸದ್ದಿನಲ್ಲೇ ಮಲಗಿ ಎದ್ದ ಕನ್ನಡ ಮಾತಿನ ಮನೆ ನಮ್ಮದು. ಬೆಳಿಗ್ಗೆ ಸ್ನಾನ, ವಿಭೂತಿ, ಪೂಜೆಗಳು ಮುಗಿಯದೆ ನಾನು ಮಗ್ಗ ಮುಟ್ಟಿದವನಲ್ಲ. ಸಂಜೆ ನಮ್ಮ ಕುಲದ ಅಮ್ಮನ ಗುಡಿಯಲ್ಲಿ ಕುಳಿತು, ಕೇಳುವವರು ಇರಲಿ ಬಿಡಲಿ, ಹಳಗನ್ನಡದ ಪದ್ಯಗಳನ್ನು ಓದಿ ಅರ್ಥ ಹೇಳುವುದು ನನ್ನ ನಿಯಮ. ಕಾಶಿಗೆ ಹೋದಾಗ ಜೊತೆಗಿದ್ದವರೆಲ್ಲ ಹಾಗಲಕಾಯಿಯನ್ನೋ ಸೀಬೆಹಣ್ಣನ್ನೋ ಬಿಟ್ಟು ಬಂದರು; ನಾನು ಮಾಂಸಾಹಾರವನ್ನೇ ಬಿಟ್ಟು ಬಂದೆ. ಇಂಥವನು ಕೋಳಿಯ ರೆಕ್ಕೆಗಳನ್ನು, ಅದೂ ಎಣ್ಣೆಯಲ್ಲಿ ಕರಿಯದೆ, ಗರಿಗರಿಯಾಗಿ ಮಾಡಿ ಬಡಿಸುವೆನೆಂದು ಸಂಕಲ್ಪ ಮಾಡಿದನೆಂದರೆ ಅದಕ್ಕೆ ತಕ್ಕ ಕಾರಣವಿರಲೇಬೇಕು. ಕಾರಣವೇನೋ ಇತ್ತು. ಬುದ್ಧಿ ಇರಲಿಲ್ಲ!

ಕಾರಣ ನಮ್ಮ ಅಳಿಯ ಶಿವಕುಮಾರ. ಧರ್ಮಪುರಿಯವನು, ಒಳ್ಳೆಯವನು, ಮಾತು ಕಡಿಮೆ, ಕೋಳಿ ಹೆಚ್ಚು. ಮದುವೆಯಾದ ಹೊಸದರಲ್ಲಿ ವಿರುಂದಿನ ಔತಣಕ್ಕೆಂದು ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ರತ್ನಮ್ಮ ರೆಕ್ಕೆಗಳನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿದು ಬಡಿಸಿದಳು. ಅವನು ಸಾಕೆನ್ನಲಿಲ್ಲ; ಇವಳು ನಿಲ್ಲಿಸಲಿಲ್ಲ. ಊರಿಗೆ ಮರಳಿದವನು ಹೊಟ್ಟೆ ಹಿಡಿದುಕೊಂಡು ಮಲಗಿದ. ಡಾಕ್ಟರು ಪರೀಕ್ಷೆ ಮಾಡಿ, ಇನ್ನು ಮುಂದೆ ಕರಿದ ಪದಾರ್ಥದ ಕಡೆ ತಿರುಗಿಯೂ ನೋಡಕೂಡದೆಂದು ಹೇಳಿದರಂತೆ.

ಆಷಾಢ, ಅಂದರೆ ನಮ್ಮ ಕಡೆಯ ಆಡಿ ಮಾಸ, ಹತ್ತಿರವಾಯಿತು. ಮದುವೆಯಾದ ಮೊದಲ ಆಡಿಗೆ ಮಗಳನ್ನೂ ಅಳಿಯನನ್ನೂ ಕರೆಸಿ ಉಣಬಡಿಸದಿದ್ದರೆ ನಮ್ಮ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಕರೆಯಲು ಫೋನ್ ಮಾಡಿದೆ. ಎತ್ತಿಕೊಂಡವರು ಬೀಗಿತ್ತಿ.

"ಏನ್ ಬೀಗ್ರೇ, ನಿಮ್ಮನೆ ಎಣ್ಣೆ ಉಂಡು ನನ್ ಮಗ ಮಂಚ ಇಡ್ಕಂಡಿದ್ದು ಸಾಲ್ದಾ? ಅವ್ನಿಗೆ ರೆಕ್ಕೆ ಅಂದ್ರೆ ಪ್ರಾಣ. ಅಲ್ಲಿಗೆ ಬಂದ್ರೆ ತಿನ್ನದೆ ಇರಾಕಿಲ್ಲ. ಈ ಸಲಾನೂ ಅಂಗೇ ಆದ್ರೆ ದೀಪಾವಳಿಗೆ ನಿಮ್ ಮಗಳನ್ನೂ ಕಳ್ಸಾಕಿಲ್ಲ, ಈಗ್ಲೇ ಏಳ್ಬಿಟ್ಟಿವ್ನಿ!"

ನನ್ನೊಳಗಿನ ಪುರಾಣದ ವೀರರೆಲ್ಲ ಒಟ್ಟಿಗೆ ಎದ್ದು ನಿಂತರು. "ಅಮ್ಮಾ, ಒಂದು ತೊಟ್ಟು ಎಣ್ಣೆಯಿಲ್ಲದೆ, ಆದರೂ ಗರಿಗರಿಯಾಗಿ, ನಾನೇ ನನ್ನ ಕೈಯಾರೆ ಮಾಡಿ ಬಡಿಸುತ್ತೇನೆ. ಇದು ನನ್ನ ಮಾತು!" ಎಂದುಬಿಟ್ಟೆ.

ಫೋನಿಟ್ಟು ತಿರುಗಿದರೆ ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ.

"ಕೋಳಿ ಎಂಗಿರ್ತೈತೆ ಅಂತಾನಾದ್ರೂ ಗ್ಯಾಪ್ಕ ಐತಾ?"

"ವಿದ್ಯೆಯೆಂದ ಮೇಲೆ ಕಲಿತರೆ ಬಂದೀತು."

"ಸರಿ. ಮಾತು ಕೊಟ್ಟೋರು ನೀವು, ಮಾಡೋರೂ ನೀವೇ. ನಾನು ಅನ್ನ ಸಾರು ನೋಡ್ಕಂತೀನಿ. ನಾ ಮಾಡಿ ಕೆಟ್ರೆ ಮತ್ತೆ ನನ್ ತಲೆ ಮೇಲೇ ಬರ್ತೈತೆ."

ಮಗಳು ಗಾಯತ್ರಿ ನನ್ನ ಫೋನಿಗೊಂದು ವಿಡಿಯೋ ಕಳಿಸಿದಳು. ಅದರಲ್ಲಿ ಒಬ್ಬ ಹೆಂಗಸು ನಗುನಗುತ್ತ ಉಪದೇಶ ಮಾಡುತ್ತಾಳೆ: ಚರ್ಮವಿರುವ ರೆಕ್ಕೆಗಳನ್ನೇ ತರಬೇಕು, ತೇವವನ್ನು ಚೆನ್ನಾಗಿ ಒರೆಸಬೇಕು, ಮೇಲೆ ತೆಳ್ಳಗೆ ಸ್ಟಾರ್ಚ್ ಎಂಬ ಗಂಜಿಯ ಹಿಟ್ಟು ಉದುರಿಸಬೇಕು, ಮುಚ್ಚದೆ ಫ್ರಿಜ್ಜಿನಲ್ಲಿಟ್ಟು ಒಣಗಿಸಬೇಕು, ಕಡೆಗೆ ಬೆಂಕಿಯ ಶಾಖದಲ್ಲಿ ಬೇಯಿಸಬೇಕು. ಚರ್ಮ ಒಣಗಿದಷ್ಟೂ ಗರಿಗರಿ. ಸೂತ್ರ ಸುಲಭವಾಗಿತ್ತು. ಇದಕ್ಕೆ ಭಾಷ್ಯ ಬರೆಯಲು ಹೊರಟದ್ದೇ ನನ್ನ ಕೇಡು.

ಆಡಿಯ ಮೊದಲ ದಿನ ಬೆಳಿಗ್ಗೆ ಪೂಜೆ ಮುಗಿಸಿ, ಯಾರಿಗೂ ಗುರುತು ಸಿಗದಿರಲೆಂದು ತಲೆಗೆ ಟವೆಲ್ ಸುತ್ತಿ ಕೋಳಿ ಅಂಗಡಿಗೆ ಹೋದೆ. ಅಂಗಡಿಯವನು ದೂರದಿಂದಲೇ ಕೂಗಿ ಬರಮಾಡಿಕೊಂಡ: "ವಾಂಗ ಸಾಮಿ, ವಾಂಗ! ಏನ್ ಸಾಮಿ, ಕಾಶಿ ಗಂಗೆ ತೊಳ್ದೋಯ್ತಾ?" ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅರ್ಧ ಜನ ಗುಡಿಗೆ ಬರುವವರೇ!

"ನನಗಲ್ಲಪ್ಪ, ಅಳಿಯನಿಗೆ. ರೆಕ್ಕೆಗಳು ಬೇಕು."

"ತೋಲ್ ಇರ್ಬೇಕಾ, ತೆಗೀಬೇಕಾ?"

ತೋಲೆಂದರೆ ಚರ್ಮ. ಅದು ಬೇಕೇಬೇಕು. ಆದರೆ ಅಷ್ಟು ಜನರೆದುರು ಆ ಪದ ಬಾಯಿಗೆ ಬರಲಿಲ್ಲ. "ದೇವರು ಕೊಟ್ಟ ಹಾಗೆಯೇ ಇರಲಿ" ಎಂದೆ.

"ಅಂಗಾದ್ರೆ ಪುಕ್ಕಾನೂ ಬಿಡ್ಲಾ ಸಾಮಿ?"

ಕ್ಯೂ ಪೂರ್ತಿ ನಕ್ಕಿತು. ಟವೆಲ್ಲನ್ನು ಇನ್ನೂ ಕೆಳಗೆಳೆದುಕೊಂಡು ಪೊಟ್ಟಣ ಹಿಡಿದು ಮನೆ ಸೇರಿದೆ.

ತೊಳೆದು, ಹಳೆಯ ಪಂಚೆಯಲ್ಲಿ ಒಂದೊಂದು ರೆಕ್ಕೆಯನ್ನೂ ಎಳೆಗೂಸಿನಂತೆ ಒರೆಸಿದೆ. ಇನ್ನು ಹಿಟ್ಟು. ಒಣ ಹಿಟ್ಟನ್ನು ಉದುರಿಸಿದರೆ ಗಾಳಿಗೆ ಹಾರಿಹೋಗದೆ? ಆ ಹೆಂಗಸಿಗೆ ಅನುಭವ ಸಾಲದೆನಿಸಿತು. ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ನಾವು ಹಿಟ್ಟು ಉದುರಿಸುತ್ತೇವೆಯೆ? ನೀರಿನಲ್ಲಿ ಕದಡಿ, ಕಾಯಿಸಿ, ಗಂಜಿ ಮಾಡಿ, ಕುಂಚದಿಂದ ಬಳಿದು, ಉದ್ದಕ್ಕೆ ಬಿಗಿದು ಗಾಳಿಯಲ್ಲಿ ಒಣಗಿಸುತ್ತೇವೆ. ನಮ್ಮ ನೂಲು ಸೆಟೆದು ನಿಲ್ಲುವ ಹಾಗೆ ಆಕೆಯ ರೆಕ್ಕೆ ನಿಂತೀತೆ? ಮರಗೆಣಸಿನ ಹಿಟ್ಟು ಮನೆಯಲ್ಲಿತ್ತು. ನೂಲಿಗೆ ಮಾಡುವ ಹದದಲ್ಲೇ ಗಂಜಿ ಕಾಯಿಸಿ, ಹೊಸ ಕುಂಚದಿಂದ ಎರಡು ಬಾರಿ ಬಳಿದೆ. ರೆಕ್ಕೆಗಳು ಫಳಫಳನೆ ಹೊಳೆದವು. ಅರ್ಧ ಶತಮಾನದ ಅನುಭವ ಅವುಗಳ ಮೇಲೆ ಹೊಳೆಯುತ್ತಿದೆಯೆಂದುಕೊಂಡೆ.

ಇನ್ನು ಫ್ರಿಜ್ಜು. ಬಾಗಿಲು ತೆರೆದರೆ ಒಳಗೆ ಅಭಿಷೇಕದ ಹಾಲು, ಗುಡಿಯ ಅಮ್ಮನಿಗೆಂದು ತಂದ ಮಲ್ಲಿಗೆ, ಸಂಜೆ ಪಿಳ್ಳೆಯಾರ್ ಗಣಪನ ಪೂಜೆಯ ಹಣ್ಣು. ಇವುಗಳ ಪಕ್ಕದಲ್ಲಿ ಕೋಳಿಯೆ? ಶಿವಶಿವಾ! ಬಾಗಿಲು ಮುಚ್ಚಿದೆ. ಒಣಗುವುದು ಮುಖ್ಯ, ಎಲ್ಲಿ ಒಣಗುತ್ತದೆ ಎಂಬುದಲ್ಲ. ಆಡಿ ಗಾಳಿ ಮಾಳಿಗೆಯ ಮೇಲೆ ಧಾರಾಳವಾಗಿ ಬೀಸುತ್ತಿತ್ತು. ಎರಡು ಕಂಬಗಳ ನಡುವೆ ನೂಲಿನ ಹಗ್ಗ ಬಿಗಿದು, ರೆಕ್ಕೆಗಳನ್ನು ಒಂದರ ಪಕ್ಕ ಒಂದರಂತೆ ತೂಗುಹಾಕಿದೆ. ನೋಡಲು ತೋರಣದಂತಿತ್ತು!

ಆಗ ಗಾಯತ್ರಿಯ ಫೋನು. "ಅಪ್ಪಾ, ತೊಪ್ಪೂರು ಗಾಟ್‌ನಾಗೆ ಲಾರಿ ಮಗುಚ್ಕಂಡೈತೆ. ಬಸ್ಸು ನಿಂತೋಯ್ತು. ಲೇಟ್ ಆಯ್ತದೆ."

"ನಿಧಾನವಾಗಿ ಬಾ ಮಗಳೇ. ಹೆಚ್ಚು ಹೊತ್ತು ಒಣಗಿದಷ್ಟೂ ಒಳ್ಳೆಯದು" ಎಂದೆ.

"ಯಾರು ಒಣಗೋದು? ನಾವಾ?"

ಉತ್ತರ ಹೇಳುವಷ್ಟರಲ್ಲಿ ಕರೆ ಕಡಿದುಹೋಯಿತು.

ಮಧ್ಯಾಹ್ನವಾಯಿತು. ಇಲ್ಲಿ ನನ್ನ ನಿತ್ಯವ್ರತವೊಂದನ್ನು ಹೇಳಬೇಕು. ತಂದೆಯವರು ತೀರಿಕೊಂಡಂದಿನಿಂದ, ಪಿತೃಗಳು ಕಾಗೆಯ ರೂಪದಲ್ಲಿ ಬರುತ್ತಾರೆಂಬ ನಂಬಿಕೆಯಂತೆ, ಕಾಗೆಗೆ ಅನ್ನವಿಡದೆ ನಾನು ಊಟ ಮಾಡುವುದಿಲ್ಲ. ಕಾಗೆ ಮುಟ್ಟದಿದ್ದರೆ ನನಗೂ ಅನ್ನವಿಲ್ಲ. ರತ್ನಮ್ಮ ಕೊಟ್ಟ ಎಲೆಯಲ್ಲಿ ಅನ್ನ, ತೊವ್ವೆ, ತುಪ್ಪ ಇಟ್ಟುಕೊಂಡು, ಪಿತೃಗಳನ್ನು ನೆನೆಯುತ್ತ ಮಾಳಿಗೆ ಹತ್ತಿದೆ. ಕೈಗೋಡೆಯ ಮೇಲೆ ಎಲೆಯಿಟ್ಟು, ಕಣ್ಣು ಮುಚ್ಚಿ, ಕೈ ಮುಗಿದು, ಎಂದಿನಂತೆ ಗಂಟಲು ತುಂಬಿ ಕರೆದೆ: "ಕಾ! ಕಾ! ಕಾ!"

ಕಣ್ಣು ತೆರೆದಾಗ ನೆನಪಾಯಿತು. ತಡವಾಗಿತ್ತು!

ಮೊದಲು ಬಂದದ್ದು ಎಡಗಾಲು ಊನವಾದ ಮುದಿ ಕಾಗೆ. ಕಡೆಗಾಲದಲ್ಲಿ ತಂದೆಯವರಿಗೂ ಎಡಗಾಲು ಸ್ವಾಧೀನವಿರಲಿಲ್ಲವಾದ್ದರಿಂದ, ಇದು ಅವರೇ ಎಂಬುದರಲ್ಲಿ ನನಗೆಂದೂ ಸಂಶಯವಿರಲಿಲ್ಲ. ಅದು ಅನ್ನವನ್ನು ನೋಡಿತು. ತೋರಣವನ್ನು ನೋಡಿತು. ನನ್ನನ್ನು ನೋಡಿತು. ಆಮೇಲೆ ನೇರವಾಗಿ ಹಾರಿ ನಡುವಿನ ರೆಕ್ಕೆಯ ಮೇಲೆ ಕುಳಿತಿತು. ಹಿಂದೆಯೇ ಬೀದಿಯ ಬಂಧುಬಳಗವೆಲ್ಲ ಬಂದಿಳಿಯಿತು.

ಓಡಿಸಲೆಂದು ಕೈಯೆತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಕರೆದವನು ನಾನು. ಭಕ್ತಿಯಿಂದ ಕರೆದ ಪಿತೃಗಳನ್ನು ಊಟದ ನಡುವೆ ಎಬ್ಬಿಸುವುದುಂಟೆ? ಅಲ್ಲದೆ, ಬದುಕಿದ್ದಾಗ ತಂದೆಯವರಿಗೆ ಕೋಳಿಯಲ್ಲಿ ರೆಕ್ಕೆಯೇ ಆಗಬೇಕಿತ್ತು. ನನ್ನ ತಾಯಿ ತಾನು ಕೋಳಿ ಮುಟ್ಟದಿದ್ದರೂ ಅವರಿಗೆಂದು ಅದನ್ನು ಎತ್ತಿಡುತ್ತಿದ್ದಳು. ಇಷ್ಟು ವರ್ಷ ತುಪ್ಪದನ್ನ ತಿಂದು ಬೇಸತ್ತಿದ್ದರೇನೋ! ಇತ್ತ ಮಗಳ ಮಾನ, ಅತ್ತ ತಂದೆಯ ತೃಪ್ತಿ. ಯಾವುದು ಧರ್ಮ? ಇಷ್ಟು ಪುರಾಣ ಓದಿದ್ದರೂ ಕೋಳಿ ರೆಕ್ಕೆಯ ವಿಷಯದಲ್ಲಿ ಒಂದೂ ನೆರವಿಗೆ ಬರಲಿಲ್ಲ. ಏನೂ ತೋಚದೆ ಎತ್ತಿದ ಕೈಯನ್ನು ಇನ್ನೊಂದು ಕೈಗೆ ಸೇರಿಸಿ ಮುಗಿದು ನಿಂತೆ.

ಗದ್ದಲ ಕೇಳಿ ರತ್ನಮ್ಮ ಪೊರಕೆ ಸಮೇತ ಮೇಲೆ ಬಂದಳು.

"ಅಯ್ಯಯ್ಯೋ! ಕೈ ಮುಕ್ಕಂಡು ನಿಂತಿದ್ದೀರಲ್ಲ, ಓಡ್ಸಿ!"

"ಹೇಗೆ ಓಡಿಸಲಿ? ನಮ್ಮ ತಂದೆ ಕಣೇ!"

"ನಿಮ್ಮಪ್ಪ ಒಬ್ರು. ಮಿಕ್ಕಿದ್ದೆಲ್ಲ ಯಾರು?"

"ಅಜ್ಜ, ಮುತ್ತಜ್ಜ, ದೊಡ್ಡಪ್ಪಂದಿರು..."

"ಅತ್ತೆ ಜನ್ಮದಾಗೆ ಕೋಳಿ ಮುಟ್ಟಿದೋರಲ್ಲ. ಇದ್ರಾಗೆ ಅವ್ರಿದ್ರೂ ಎಬ್ಸಿದ್ರೆ ಪಾಪ ಇಲ್ಲ. ಎಂಗಸ್ರು ಕಡೆ ಕಾಗೇನಾದ್ರೂ ಓಡ್ಸಿ!"

ಯಾವುದು ಹೆಂಗಸರ ಕಡೆಯದು ಎಂದು ನಾನು ವಿಚಾರ ಮಾಡುತ್ತಿರುವಾಗಲೇ ಅವಳು ಮುಂದೆ ಹೋದಳು. ಹೋದವಳು ಥಟ್ಟನೆ ನಿಂತು, ಮಾವನೆದುರು ಹೇಗೋ ಹಾಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕುಂಟು ಕಾಗೆಯ ಕಡೆ ತಲೆ ಬಾಗಿಸಿ, "ತಪ್ಪು ತಿಳ್ಕಾಬೇಡಿ ಮಾವಾ, ಮೊಮ್ಮಗಳ ಬಾಳ್ವೆ ಇಸ್ಯ" ಎಂದಳು. ಆಮೇಲೆ ಪೊರಕೆ ಬೀಸಿದಳು ನೋಡಿ! ನಮ್ಮ ಪೂರ್ವಿಕರೆಲ್ಲ ಒಮ್ಮೆಲೇ ಆಕಾಶಕ್ಕೇರಿದರು. ತಂದೆಯವರೊಬ್ಬರೇ ಏಳಲಿಲ್ಲ. ಏಳಲಾಗಲಿಲ್ಲ. ಅವರ ಕೊಕ್ಕು ಒಳಗೆ ಇನ್ನೂ ಹಸಿಯಾಗಿದ್ದ ನನ್ನ ಗಂಜಿಗೆ ಅಂಟಿಕೊಂಡಿತ್ತು!

ನಾನು ಆ ರೆಕ್ಕೆಯನ್ನು ಹಗ್ಗದಿಂದ ಬಿಡಿಸಿಕೊಟ್ಟೆ. ಅದು ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿ, ಆ ರೆಕ್ಕೆಯನ್ನು ಕಚ್ಚಿಕೊಂಡೇ ಹಾರಿಹೋಯಿತು. ಬದುಕಿದ್ದಾಗಲೂ ಅವರು ಹೀಗೆಯೇ, ಬೈಯುತ್ತಿರಲಿಲ್ಲ, ನೋಡುತ್ತಿದ್ದರು.

ಹಗ್ಗದ ತುದಿಯಲ್ಲಿ, ನೀರಿನ ತೊಟ್ಟಿಯ ಮರೆಯಲ್ಲಿ ಕೊಕ್ಕು ಸೋಕದ ಆರು ರೆಕ್ಕೆಗಳು ಉಳಿದಿದ್ದವು. ರತ್ನಮ್ಮ ಒಂದನ್ನು ಬೆರಳಿನಿಂದ ತಟ್ಟಿದಳು. ಹಲಗೆಯಂತೆ ಟಕ್ಕೆಂದಿತು.

"ಏನ್ ಬಳ್ದಿದ್ದೀರಿ ಇದ್ಕೆ?"

"ಗಂಜಿ."

"ಉಪ್ಪು?"

"ಗಂಜಿಗೆ ಉಪ್ಪು ಹಾಕುವ ಪದ್ಧತಿಯಿಲ್ಲವಲ್ಲ."

ಅವಳು ರೆಕ್ಕೆಗಳನ್ನು ಹಿತ್ತಿಲಿಗೆ ಒಯ್ದು ಬಿಸಿನೀರಿನಲ್ಲಿ ಉಜ್ಜಿದಳು. ನಮ್ಮ ಗಂಜಿ ಅಷ್ಟು ಸುಲಭವಾಗಿ ಬಿಡುವಂಥದಲ್ಲ. ಅರ್ಧ ಹೋಯಿತು, ಅರ್ಧ ನಿಂತಿತು. ಉಪ್ಪು, ಮೆಣಸು, ಅರಿಸಿನ, ಬೆಳ್ಳುಳ್ಳಿ ಅರೆದು ಹಚ್ಚಿದಳು. ಸುಡುವುದಕ್ಕೆ ಕಡ್ಡಿ ಬೇಕಲ್ಲ? ಆಡಿಯ ಮೊದಲ ಸಂಜೆ ತೆಂಗಿನಕಾಯಿಯೊಳಗೆ ಬೆಲ್ಲ, ಹುರಿಗಡಲೆ ತುಂಬಿ, ಕಡ್ಡಿಗೆ ಸಿಕ್ಕಿಸಿ ಬೆಂಕಿಯಲ್ಲಿ ಸುಟ್ಟು ಪಿಳ್ಳೆಯಾರಿಗೆ ಅರ್ಪಿಸುವುದು ನಮ್ಮ ಕಡೆಯ ಪದ್ಧತಿ. ಅದಕ್ಕೆಂದು ನಾನು ಸೀಳಿಟ್ಟಿದ್ದ ಕಡ್ಡಿಗಳಿಗೇ ಅವಳು ಕೈ ಹಾಕಿದಳು.

"ಅದು ದೇವರದ್ದು!" ಎಂದು ಕೂಗಿದೆ.

"ಪಿಳ್ಳೆಯಾರ್‌ಗೆ ಬೇರೆ ಕಡ್ಡಿ ಸೀಳ್ಬೋದು. ಮಗಳಿಗೆ ಬೇರೆ ಮಾನ ಎಲ್ಲಿಂದ ತರ್ಲಿ? ಸುಮ್ನೆ ಬೆಂಕಿ ಊದಿ."

ಊದಿದೆ. ಎಣ್ಣೆಯ ಸೋಂಕೂ ಇಲ್ಲದೆ ರೆಕ್ಕೆಗಳು ಕೆಂಡದ ಮೇಲೆ ತಿರುಗಿ ತಿರುಗಿ ಬೆಂದವು.

ಮಗಳು, ಅಳಿಯ ಬಂದಾಗ ಹೊತ್ತು ಬಹಳ ಇಳಿದಿತ್ತು. ತೊಪ್ಪೂರಿನ ಧೂಳು ಇಬ್ಬರ ಮುಖದ ಮೇಲೂ ಇತ್ತು. ಎಲೆ ಹಾಕಿ ಬಡಿಸಿದೆವು. ಶಿವಕುಮಾರ ಒಂದು ರೆಕ್ಕೆ ಕಚ್ಚಿದ. ಕರ್ರೆಂದು ಶಬ್ದವಾಯಿತು. ಅದು ಹದವಾಗಿ ಬೆಂದ ಶಬ್ದವೋ, ಹಲ್ಲು ಮುರಿದ ಶಬ್ದವೋ? ಕಾಶಿಯಲ್ಲಿ ಮಾಂಸ ಬಿಟ್ಟವನು ರುಚಿ ನೋಡಿ ತಿಳಿಯುವಂತೆಯೂ ಇಲ್ಲ! ಅವನು ಎರಡನೆಯದನ್ನು ತೆಗೆದುಕೊಂಡ. ಮೂರನೆಯದನ್ನೂ.

"ಮಾವಾ, ಸೂಪರ್! ಮೇಲ್ಗಡೆ ಇಷ್ಟ್ ಗರಿಗರಿ ಎಂಗ್ ಬಂತು?"

ಗಂಜಿಯಿಂದ ಬಂತೋ, ಕೆಂಡದಿಂದ ಬಂತೋ, ರತ್ನಮ್ಮನ ಸಿಟ್ಟಿನಿಂದ ಬಂತೋ, ನನಗೆ ಅಂದೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಆದರೂ ಕಂಠ ಸರಿಪಡಿಸಿಕೊಂಡು ವಿವರಿಸಲು ಬಾಯಿ ತೆರೆದೆ.

"ಅವ್ರಪ್ಪ ಮುಂದೆ ನಿಂತು ರುಚಿ ನೋಡಿ ಮಾಡ್ಸಿದ್ರಪ್ಪ" ಎಂದಳು ರತ್ನಮ್ಮ.

ತೀರಿಹೋದವರನ್ನು ನೆನೆದು ಮಾಡಿದರೆಂದು ತಿಳಿದು ಅಳಿಯ ಭಕ್ತಿಯಿಂದ ತಲೆಯಾಡಿಸಿ ನಾಲ್ಕನೆಯದಕ್ಕೆ ಕೈ ಚಾಚಿದ.

ಮಾರನೆಯ ದಿನ ಬೀಗಿತ್ತಿಯ ಫೋನು ಬಂತು. ಮಗನ ಹೊಟ್ಟೆ ಸುಖವಾಗಿದೆಯೆಂದು, ನಮ್ಮಲ್ಲೇ ಉಳಿದಿದ್ದ ಅವನ ಬಾಯಿಂದಲೇ ಕೇಳಿ ತಿಳಿದುಕೊಂಡ ಮೇಲೆ, "ದೀಪಾವಳಿಗೆ ಇಬ್ರನ್ನೂ ಕಳ್ಸ್ತೀನಿ ಬೀಗ್ರೇ. ನಾನೂ ಬರ್ತೀನಿ. ಆ ರೆಕ್ಕೆ ನನಗೂ ಬೇಕು, ನಿಮ್ ಕೈಯಿಂದ್ಲೇ!" ಎಂದರು. ಮಗಳ ಮಾನ ಉಳಿಯಿತು. ಕುಲದ ಅಮ್ಮನಿಗೆ ಕೈ ಮುಗಿದು, ಹಸಿವಾಗಿ, ಎಂದಿನಂತೆ ಎಲೆಯಲ್ಲಿ ತುಪ್ಪದನ್ನ ಹಿಡಿದು ಮಾಳಿಗೆ ಹತ್ತಿದೆ.

ಕುಂಟು ಕಾಗೆ ಆಗಲೇ ಬಂದು ಕುಳಿತಿತ್ತು. ಅನ್ನವನ್ನು ನೋಡಿತು. ಬರಿದಾದ ಹಗ್ಗವನ್ನು ನೋಡಿತು. ನನ್ನನ್ನು ನೋಡಿತು. ಮುಖ ತಿರುಗಿಸಿಕೊಂಡಿತು.

ಬೇಡಿಕೊಂಡೆ. ಇನ್ನಷ್ಟು ತುಪ್ಪ ಸುರಿದೆ. ಹಗ್ಗವನ್ನು ಬಿಚ್ಚಿ ಬಚ್ಚಿಟ್ಟೆ. ಅದು ಕದಲಲಿಲ್ಲ.

"ಉಂಡ್ರಾ ಮಾವ?" ಕೆಳಗಿನಿಂದ ರತ್ನಮ್ಮ ಕೂಗಿದಳು. ಅವಳದಾಗಲೇ ಊಟ ಮುಗಿದು ಕೈ ತೊಳೆಯುವ ಸದ್ದು ಕೇಳುತ್ತಿತ್ತು.

"ಇಲ್ಲ ಕಣೇ."

"ಏನ್ ಬೇಕಂತೆ?"

ಏನು ಬೇಕೆಂಬುದು ನನಗೆ ತಿಳಿದೇ ಇತ್ತು. ಈ ಇಡೀ ವ್ಯವಹಾರದಲ್ಲಿ ನನಗೆ ಸ್ಪಷ್ಟವಾಗಿ ತಿಳಿದದ್ದು ಅದೊಂದೇ. ಎಲೆಯನ್ನು ಕೈಗೋಡೆಯ ಮೇಲಿಟ್ಟು, ಖಾಲಿ ಹೊಟ್ಟೆಯಲ್ಲಿ ಕೆಳಗಿಳಿದು, ಮೂಲೆಯಲ್ಲಿದ್ದ ಟವೆಲ್ಲನ್ನು ಮತ್ತೆ ತಲೆಗೆ ಸುತ್ತಿಕೊಂಡೆ.

"ವಾಂಗ ಸಾಮಿ!" ಎಂದ ಅಂಗಡಿಯವನು. "ಇವತ್ತೂ ಅಳಿಯಂಗೇನಾ?"

"ಅಲ್ಲಪ್ಪ" ಎಂದೆ. "ನಮ್ಮ ತಂದೆಗೆ."