ತಪ್ಪು ಚಾವಿಗೆ ಶಾಬಾಸ್

ಬಸವಕಲ್ಯಾಣದ ನಮ್ಮ ಮನೆಯ ಕೀಲಿಗೆ, ಅಂದರೆ ಬೀಗಕ್ಕೆ, ಎರಡು ಚಾವಿಗಳಿವೆ. ಒಂದು ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ. ಕಳೆದುಹೋಗದಂತೆ ಕೆಂಪು ದಾರ ಕಟ್ಟಿಟ್ಟಿರುವುದು ತೆರೆಯದ ಚಾವಿಗೆ!

ಇದು ನನ್ನ ಕಾಕಾರ ವ್ಯವಸ್ಥೆ. ಅಪ್ಪ ತೀರಿದ ಮೇಲೆ ನನ್ನನ್ನು ಸಾಕಿ ಓದಿಸಿದ ಈ ಮಹಾನುಭಾವರಿಗೆ ಎಲ್ಲದಕ್ಕೂ ‘ಹೂಂ’ ಅನ್ನುವವರ ಮೇಲೆ ನಂಬಿಕೆಯೇ ಇಲ್ಲ. ಮನುಷ್ಯನಾಗಲಿ ಯಂತ್ರವಾಗಲಿ, ಬೇಕಾದಾಗ ‘ಊಹೂಂ’ ಅನ್ನಬೇಕು. ಹೊರಗಿನಿಂದ ಬಂದಾಗಲೆಲ್ಲ ಮೊದಲು ತಪ್ಪು ಚಾವಿ ತಿರುವುತ್ತಾರೆ. ಕೀಲಿ ಜಗ್ಗದಿದ್ದರೆ "ಶಾಬಾಸ್!" ಎಂದು ಅದರ ಬೆನ್ನು ತಟ್ಟುತ್ತಾರೆ. ಸರಿಯಾದದ್ದು ಆಮೇಲೆ.

ಒಮ್ಮೆ ಎಟಿಎಂನಲ್ಲಿ ಬೇಕೆಂದೇ ತಪ್ಪು ಪಿನ್ ಒತ್ತಿದರು. ಯಂತ್ರ ಒಪ್ಪಲಿಲ್ಲ. ಖುಷಿಯಾಗಿ ಮತ್ತೆ ಒತ್ತಿದರು. ಮತ್ತೆ! ಕಾರ್ಡೇ ಬಂದ್ ಆಯಿತು.

"ಭಾಳ ಶಾಣ್ಯಾ ಮಷಿನ್ ಅದ," ಎಂದು ಹಿಗ್ಗುತ್ತ ಮನೆಗೆ ಬಂದರು.

"ಮಷಿನ್ ಆದ್ರೂ ಶಾಣ್ಯಾ ಅದಲ್ರಿ, ಅಷ್ಟ ಸಮಾಧಾನ," ಅಂದರು ಅವರ ಹೆಂಡತಿ, ನಮ್ಮ ಕಾಕು.

ನನ್ನನ್ನೂ ಬಿಟ್ಟವರಲ್ಲ.

"ಬೇಟಾ, ಹಳ್ಳಿಖೇಡದಾಗ ಒಂದು ವರ ಅದ. ಬಾಯಾಗ ಹಲ್ಲಿಲ್ಲ, ಆದ್ರ ಟ್ರ್ಯಾಕ್ಟರ್ ಅದ."

"ಬ್ಯಾಡ, ಕಾಕಾ."

"ಪಾಸ್!"

ಇಂಥವರಿಗೆ ನನ್ನ ಕೆಲಸ ಅರ್ಥವಾಗದೆ ಇರುತ್ತದೆಯೇ? ಹುಮನಾಬಾದಿನ ಔಷಧ ಕಾರ್ಖಾನೆಯೊಂದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತೂಕ ದಾಖಲಿಸುವ ಪ್ರೋಗ್ರಾಂ ಬರೆಯುತ್ತೇನೆ. ಸೊನ್ನೆಗಿಂತ ಕಡಿಮೆ ತೂಕ ಕೊಟ್ಟರೆ ಅದು ಎರರ್ ತೋರಿಸಬೇಕು. ತೋರಿಸುತ್ತದೋ ಇಲ್ಲವೋ ನೋಡಲು ಒಂದು ಪರೀಕ್ಷೆಯನ್ನೂ ಬರೆಯುತ್ತೇನೆ: ಬೇಕೆಂದೇ ತಪ್ಪು ತೂಕ ಕೊಡುವುದು, ಎರರ್ ಬಂದರೆ ಪಾಸು, ಸುಮ್ಮನೆ ಒಪ್ಪಿಕೊಂಡರೆ ಫೇಲು. ಇದನ್ನು ಕೇಳಿ ಕಾಕಾರ ಕಣ್ಣು ತುಂಬಿ ಬಂತು.

"ಇದಕ್ಕ ಪಗಾರನೂ ಕೊಡ್ತಾರೇನು?!"

ಕಳೆದ ತಿಂಗಳು ಹುಲಸೂರಿನ ಶಿಕ್ಷಕರೊಬ್ಬರು ನನ್ನನ್ನು ನೋಡಲು ಬಂದಿದ್ದರು. ನಾನು ಮಾತು ಮುಗಿಸುವ ತನಕ ಕಾಯುತ್ತಿದ್ದರು. ಅದು ನನಗೆ ಹಿಡಿಸಿತು. ಆದರೂ ಅವರು ಹೋದ ಮೇಲೆ ನನ್ನ ಬಾಯಿಂದ ಹೊರಟದ್ದು ‘ಬ್ಯಾಡ’. ಕಾಕಾ ಯಾಕೋ ಅಂದು ‘ಪಾಸ್’ ಅನ್ನಲಿಲ್ಲ.

ಮೊನ್ನೆ ಭಾನುವಾರ ಮೂವರೂ ಬಜಾರಿಗೆ ಹೋಗಿ ಬಂದೆವು. ತಪ್ಪು ಚಾವಿಗೆ ಕೀಲಿ ಜಗ್ಗಲಿಲ್ಲ. ಶಾಬಾಸ್! ಸರಿಯಾದ ಚಾವಿ ಹಾಕಿದರು. ಆಗಲೂ ಜಗ್ಗಲಿಲ್ಲ! ಒಳಗೆಲ್ಲ ತುಕ್ಕು.

"ಅಂದ್ರ ಇಷ್ಟೊತ್ತು ತುಕ್ಕಿಗಿ ಶಾಬಾಸ್ ಅಂದ್ರೇನು?" ಕಾಕು ಕಾಯಿಪಲ್ಯದ ಚೀಲವನ್ನು ಕಟ್ಟೆಯ ಮೇಲೆ ಕುಕ್ಕಿದರು.

ನನಗೆ ನಗು ಬರಲಿಲ್ಲ. ಪ್ರೋಗ್ರಾಂಗೆ ನಾನು ಬರೆದ ಪರೀಕ್ಷೆಯೂ ಹಾಗೆಯೇ ಇತ್ತು, ಯಾವ ಎರರ್ ಬಂದರೂ ಪಾಸು. ಪ್ರೋಗ್ರಾಂ ಬೇರೆಲ್ಲೋ ಮುಗ್ಗರಿಸಿ ಎರರ್ ಎಂದು ಕೂಗಿಕೊಂಡರೂ, ತೂಕ ನೋಡಿಯೇ ಬೇಡ ಅಂದಿತು ಎಂದು ನಂಬಿ ಕೂತಿದ್ದೆ.

ಕಾಕಾ ಪಕ್ಕದ ಮನೆಯಿಂದ ಎಣ್ಣೆ ತಂದರು. ಕೀಲಿಗೆ ಹನಿ ಹನಿಯಾಗಿ ಬಿಡುತ್ತ, ನನ್ನ ಕಡೆ ನೋಡದೆ ಕೇಳಿದರು:

"ಬೇಟಾ, ಆ ಮಾಸ್ತರಗ ಬ್ಯಾಡ ಅಂದ್ಯಲ್ಲ... ಅವರು ಬ್ಯಾಡ ಅಂತ ಅಂದಿಯೋ, ಅಂಜಿ ಅಂದಿಯೋ?"

ನಾನು ಚೀಲದ ಬದನೆಕಾಯಿಗಳನ್ನು ನೋಡುತ್ತ ನಿಂತೆ.

"ಅಂಜಿಕಿ ಇದ್ರ ಇರಲಿ. ಹುಲಸೂರ ಏನು ದೂರ ಅದ? ನಾವೆಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತೀವಿ."

ಕೀಲಿ ತೆರೆಯಿತು. ಕಾಕಾ ಶಾಬಾಸ್ ಅನ್ನುವುದನ್ನೂ ಮರೆತರು.

ಮರುದಿನ ಬೆಳಿಗ್ಗೆ ಹುಮನಾಬಾದಿಗೆ ಹೋದವಳೇ, ಬರಬೇಕಾದ ಎರರ್ ಯಾವುದೆಂದು ಪರೀಕ್ಷೆಯಲ್ಲಿ ಹೆಸರು ಹಿಡಿದು ಬರೆದೆ. ಆಮೇಲೆ ಹೊರಗೆ ಬಂದು ಹುಲಸೂರಿಗೆ ಫೋನು ಮಾಡಿದೆ.